ತಂತಿ ಕಾಕಾ ಕಲಿಸಿದ ವೇಗ

ಹೋದ ವಾರ ಮನೆ ಬದಲಿಸುವ ಗಡಿಬಿಡಿಯಲ್ಲಿ ಮೇಜಿನ ಖಾನೆ ತಲೆಕೆಳಗು ಮಾಡಿದಾಗ ಎರಡು ಉಕ್ಕಿನ ಕ್ಲಿಪ್ಪುಗಳು ಬಿದ್ದವು. ಪ್ಯಾಂಟಿನ ತುದಿ ಸೈಕಲ್ ಚೈನಿಗೆ ಸಿಗದಂತೆ ಕಾಲಿಗೆ ಹಾಕಿಕೊಳ್ಳುವ, ಅರ್ಧ ಬಳೆಯಂಥ ಹಳೆಯ ಕ್ಲಿಪ್ಪುಗಳು. ತುಕ್ಕಿನ ವಾಸನೆ ಬೆರಳಿಗೆ ಹತ್ತಿತು. ಕೆಲಸ ಬಿಟ್ಟು ಅಲ್ಲೇ ಕೂತೆ...

ಅವನ್ನು ಕೊಟ್ಟವರು ತಂತಿ ಕಾಕಾ. ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲ ಮಹಡಿಯಲ್ಲಿ ಮಗನ ಜೊತೆ ಇದ್ದರು. ನಾಂಪಲ್ಲಿ ಕಡೆಯ ತಂತಿ ಕಚೇರಿಯಲ್ಲಿ ಟೆಲಿಗ್ರಾಂ ಹಂಚುತ್ತ ಇಡೀ ನೌಕರಿ ಸೈಕಲ್ ಮೇಲೆಯೇ ಕಳೆದು ನಿವೃತ್ತರಾದವರು. ರಾಯಚೂರಿನ ಕಡೆಯವರು, ನಾನೂ ಅಲ್ಲಿಯವಳೇ. ಹೊರಗೆಲ್ಲ ತೆಲುಗು, ಆಫೀಸಿನಲ್ಲಿ ಇಂಗ್ಲಿಷು. ಮೆಟ್ಟಿಲ ಬಳಿ ಕಾಕಾ ಸಿಕ್ಕರೆ ಮಾತ್ರ ನನ್ನ ಬಾಯಿಗೆ ಕನ್ನಡ.

ಗಚ್ಚಿಬೌಲಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಮ್ಮ ಕಂಪನಿಯ ಹುಡುಗರು ಸೈಕಲ್ ಹುಚ್ಚು ಹಿಡಿಸಿಕೊಂಡಿದ್ದರು. ನಾನೂ ತೆಳ್ಳನೆ ಟೈರಿನ ರೇಸಿಂಗ್ ಸೈಕಲ್ ಕೊಂಡೆ. ಅವರಲ್ಲಿ ಎರಡು ಗುಂಪು, ವೇಗದ್ದೊಂದು, ಉಳಿದವರದ್ದೊಂದು. ನಲವತ್ತು ಕಿಲೋಮೀಟರನ್ನು ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಿದರೆ ಮಾತ್ರ ಮೊದಲನೆಯದಕ್ಕೆ ಪ್ರವೇಶ. ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಹಿಂದೆ ಬಿದ್ದೆ. ಅವರು ರಸ್ತೆ ಬದಿ ನಿಂತು ನನಗಾಗಿ ಕಾದರು, ನೀರು ಕೊಟ್ಟರು. ಆ ಕನಿಕರ ನನ್ನನ್ನು ಸೋಲಿಗಿಂತ ಹೆಚ್ಚು ಉರಿಸಿತು. ಸೇರಿದರೆ ಮೊದಲನೆಯ ಗುಂಪಿಗೇ ಎಂದು ಹಟ ಹಿಡಿದೆ.

ಒಂದು ಬೆಳಿಗ್ಗೆ ಚೈನು ನನ್ನ ಸಲ್ವಾರಿನ ಅಂಚನ್ನು ಜಗಿದು ಹಾಕಿತ್ತು. ಗೇಟಿನ ಬಳಿ ಕೂತಿದ್ದ ಕಾಕಾ ಅದನ್ನು ಬಿಡಿಸಿ, ಒಳಗೆ ಹೋಗಿ ಈ ಕ್ಲಿಪ್ಪು ತಂದುಕೊಟ್ಟರು. ಇಷ್ಟು ತೇಕುತ್ತ ಎಲ್ಲಿಗೆ ಹೋಗಿದ್ದೆ ಎಂದು ವಿಚಾರಿಸಿದರು. ಹೇಳಿದೆ. ಕೇಳಿ ನಕ್ಕರು.

"ತಂತಿ ತಂದಾಂವ ತೇಕೋತ ಬಾಗಿಲಾ ಬಡದ್ರ, ಕಾಗದ ಓದೂಕಿಂತ ಮೊದಲ ಮನಿ ಮಂದಿ ಅಳಾಕ ಸುರು ಮಾಡ್ತಾರವಾ. ಲಗೂನೂ ಮುಟ್ಟಬೇಕು, ದಮ್ಮೂ ಹತ್ತಬಾರದು. ಅದ ನಮ್ಮ ಕೆಲಸ."

ಅದಕ್ಕೆ ಅವರು ಕಂಡುಕೊಂಡಿದ್ದ ದಾರಿ ಸರಳ. ವಾರದಲ್ಲಿ ಐದು ದಿನ ಮಾತಾಡುತ್ತ ಹೋಗುವಷ್ಟು ನಿಧಾನ, ಒಂದು ದಿನ ಮಾತ್ರ ಜೋರು. ಭಾರದ ಗೇರು ಒತ್ತದೆ ಹಗುರಾಗಿ, ಬೇಗ ಬೇಗ ಪೆಡಲು ತಿರುಗಿಸುವುದು. ದಮ್ಮು ಹತ್ತಿದೆಯೋ ಇಲ್ಲವೋ ನೋಡಲು ತಾವು ತಂತಿ ಕೊಟ್ಟಿದ್ದ ಹಳೆಯ ವಿಳಾಸವೊಂದನ್ನು ಬಾಯಿಪಾಠ ಮಾಡಿಸಿದರು. ಆ ಊರಿನ ಮನೆ ನಂಬರುಗಳೋ, ಅಡ್ಡಗೆರೆ ಮೇಲೆ ಅಡ್ಡಗೆರೆ, ಮುಗಿಯುವುದೇ ಇಲ್ಲ. ಗೇಟಿಗೆ ಬಂದವಳು ಇಳಿಯುವ ಮೊದಲೇ ಅದನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ತಡವರಿಸಿದರೆ ಮರುದಿನ ಇನ್ನೂ ನಿಧಾನ.

ನಿಧಾನ ಹೋಗಿ ಯಾರಾದರೂ ವೇಗ ಕಲಿಯುತ್ತಾರೆಯೇ? ನನಗೆ ನಂಬಿಕೆ ಬರಲಿಲ್ಲ. ಇಲ್ಲವೆನ್ನುವ ಧೈರ್ಯವೂ ಇರಲಿಲ್ಲ. ಹಾಗಾಗಿ ಒಂದು ಘನ ಉಪಾಯ ಹೂಡಿದೆ. ದಿನವೂ ಮೊದಲಿನಂತೆ ತೊಡೆ ಉರಿಯುವ ತನಕ ತುಳಿಯುವುದು, ಹಿಂದಿನ ತಿರುವಿನ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುವುದು, ಉಸಿರು ತಹಬಂದಿಗೆ ಬಂದ ಮೇಲೆ ಗಂಭೀರವಾಗಿ ಗೇಟಿಗೆ ಬಂದು ವಿಳಾಸ ಒಪ್ಪಿಸುವುದು. ಕಾಕಾ ತಲೆದೂಗುತ್ತಿದ್ದರು. ಆರು ವಾರ ಹೀಗೇ ನಡೆಯಿತು.

ಗುಂಪಿನ ನಲವತ್ತು ಕಿಲೋಮೀಟರಿನ ಮೂರನೆಯ ಪರೀಕ್ಷೆಯಲ್ಲಿ ಅರ್ಧ ದಾರಿಗೇ ಕಾಲು ಸೋತಿತು. ದಿನವೂ ದಣಿಸಿದ ಕಾಲು, ಬೇಕಾದ ದಿನ ಕೈಕೊಟ್ಟಿತು. ಹಿಂದೆಂದೂ ಇಲ್ಲದಷ್ಟು ತಡವಾಗಿ ಮುಟ್ಟಿದೆ.

ಸೋತ ಸುದ್ದಿ ಅಪಾರ್ಟ್‌ಮೆಂಟಿಗೆಲ್ಲ ಗೊತ್ತಾಯಿತು. ಎರಡು ದಿನ ಕಾಕಾನ ಕಣ್ಣಿಗೆ ಬೀಳದಂತೆ ಓಡಾಡಿದೆ. ಮೂರನೆಯ ದಿನ ವಾಚ್‌ಮನ್ ತಡೆದು ನಿಲ್ಲಿಸಿ ತೆಲುಗಿನಲ್ಲಿ ಸಮಾಧಾನ ಹೇಳಿದ. ನನ್ನದೇನೂ ತಪ್ಪಿಲ್ಲವಂತೆ, ತಾವೇ ತಪ್ಪು ಕಲಿಸಿದ್ದಾಗಿ ಕಾಕಾ ಎಲ್ಲರೆದುರು ಹೇಳಿದರಂತೆ. ಮಗನಿಗೆ ಬೇರೆ ಊರಿಗೆ ವರ್ಗವಾಗಿ ಮನೆ ಖಾಲಿ ಮಾಡುತ್ತಿದ್ದಾರೆ, ಭಾನುವಾರ ಕಾಕಾ ರಾಯಚೂರಿನ ಮಗಳ ಮನೆಗೆ ಹೊರಡುತ್ತಾರೆ, ಇನ್ನು ಅಲ್ಲೇ ಇರುತ್ತಾರೆ ಎಂದೂ ಅಂದ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಇಡೀ ಆಯುಷ್ಯದ ವಿದ್ಯೆಯನ್ನೇ ಆ ಮನುಷ್ಯ ತಪ್ಪೆಂದುಕೊಂಡು ಊರು ಬಿಡುತ್ತಾರೆ, ಅದೂ ನನ್ನ ಕಳ್ಳಾಟದಿಂದ.

ಅಂದು ಸಂಜೆಯೇ ಹೋದೆ. ಕಾಕಾ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು.

"ಕಾಕಾ, ನಾ ಒಂದ ದಿನಾನೂ ನಿಮ್ಮ ಮಾತು ಕೇಳಿಲ್ಲರಿ. ಟ್ಯಾಂಕಿನ ಹಿಂದ ನಿಂತು ದಮ್ಮ ಆರಿಸಿಕೊಂಡು ಬರ್ತಿದ್ದೆ."

ಅವರು ಗಂಟು ಬಿಗಿದು ಮುಗಿಸಿದರು. "ಗೊತ್ತೈತಿ. ನಮ್ಮ ಅಡಗಿಮನಿ ಖಿಡಕ್ಯಾಗಿಂದ ಟ್ಯಾಂಕು ಕಾಣತೈತಿ."

"ಮತ್ತ ತಪ್ಪು ನಿಮ್ಮದಂತ ಯಾಕ ಹೇಳಿದ್ರಿ?"

"ನಾ ಊರು ಬಿಡಾಂವ. ನೀ ಇಲ್ಲೇ ಇರಾಕಿ, ಇದ ಮಂದ್ಯಾಗ ಓಡಾಡಾಕಿ. ಹೋಗಾಂವನ ಮ್ಯಾಲ ತಪ್ಪಿದ್ರ ಯಾರಿಗೇನವಾ?"

ನನಗೆ ಅಳು ಬಂತು. ನೌಕರಿಯ ಮೊದಲ ವರ್ಷ ತಾವೂ ಹೀಗೇ ಗಲ್ಲಿ ತಿರುವಿನಲ್ಲಿ ನಿಂತು ದಮ್ಮಾರಿಸಿಕೊಳ್ಳುತ್ತಿದ್ದುದನ್ನೂ, ಸಾಹೇಬರ ಕೈಗೆ ಸಿಕ್ಕಿಬಿದ್ದು ಬೈಸಿಕೊಂಡದ್ದನ್ನೂ ಹೇಳಿ ನಗಿಸಿದರು. ಚಹಾ ಕುಡಿಸಿ ಕಳಿಸಿದರು. ಮೆಟ್ಟಿಲಿಳಿಯುವಾಗ ಎದೆ ಎಷ್ಟು ಹಗುರಾಗಿತ್ತೆಂದರೆ, ಗುಂಪು ಗಿಂಪು ಎಲ್ಲ ಮರೆತೇ ಹೋಗಿತ್ತು.

ಅವರು ಹೋದ ಮೇಲೆ ನಿಜವಾಗಿ ನಿಧಾನವಾದೆ. ಹಾಲಿನವರು, ತರಕಾರಿಯವರು ನನ್ನನ್ನು ಹಿಂದೆ ಹಾಕಿ ಹೋದರು. ಖಾಲಿ ಗೇಟಿನೆದುರು ನಾನೊಬ್ಬಳೇ ವಿಳಾಸ ಒಪ್ಪಿಸುವಾಗ ವಾಚ್‌ಮನ್ ನನ್ನ ತಲೆ ಕೆಟ್ಟಿತೆಂದುಕೊಂಡ. ನಾಲ್ಕನೆಯ ತಿಂಗಳು ಮತ್ತೆ ಗುಂಪಿನ ಪರೀಕ್ಷೆಗೆ ಹೋದೆ. ಗುಂಪಿನ ಬಾಲಕ್ಕೇ ಅಂಟಿಕೊಂಡಿದ್ದೆ, ಆದರೆ ಹೊತ್ತಿನೊಳಗೆ ಮುಟ್ಟಿದೆ. ಇಳಿದಾಗ ಮಾತಾಡಲು ಉಸಿರು ಉಳಿದಿತ್ತು.

ಅಲ್ಲಿಂದಲೇ ರಾಯಚೂರಿಗೆ ಫೋನು ಮಾಡಿದೆ. ಮಗಳು ಎತ್ತಿಕೊಂಡರು. ಕಾಕಾ ತೀರಿಕೊಂಡು ಎಂಟು ದಿನವಾಗಿತ್ತು. ಏನು ವಿಷಯವೆಂದು ಅವರು ಕೇಳಿದಾಗ, ಸುಮ್ಮನೆ ಮಾತಾಡಿಸೋಣವೆಂದು ಮಾಡಿದೆ ಎಂದುಬಿಟ್ಟೆ...

ಈಗಲೂ ಸೈಕಲ್ ತುಳಿಯುತ್ತೇನೆ. ಇಪ್ಪತ್ತರ ಹುಡುಗರು ದಾಟಿ ಹೋದರೆ ಬೇಜಾರಾಗುವುದಿಲ್ಲ. ಕಾಕಾ ಇಲ್ಲವೆಂಬುದು ಮಾತ್ರ ಇವತ್ತಿಗೂ ನೋಯುತ್ತದೆ. ಆದರೆ ಆ ಸಂಜೆ ಹೋಗದೆ ಇದ್ದಿದ್ದರೆ ಏನು ಗತಿಯಾಗುತ್ತಿತ್ತು ಎಂದು ನೆನೆದು, ಹೋಗಿದ್ದೆನಲ್ಲ ಎಂದು ಸಮಾಧಾನದ ಉಸಿರು ಬಿಡುತ್ತೇನೆ. ಕೆಟ್ಟ ಸುದ್ದಿಯನ್ನು ಅವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದೆ. ಒಳ್ಳೆಯದು ಎಂಟು ದಿನ ತಡವಾಯಿತು.