ಏಕಾದಶಿಯ ನಾನ್‌ಖಟಾಯಿ

ಚಿಕ್ಕೋಡಿಯ ನಮ್ಮ ಕಾಲೇಜಿನ ತಿಂಡಿ ಮಾರಾಟಕ್ಕೆ ಏನು ಮಾಡಬೇಕೆಂದು ಆರಿಸುವ ಕೆಲಸವನ್ನು ಗೆಳತಿಯರು ನನಗೇ ಬಿಟ್ಟಿದ್ದರು. ತಂದದ್ದನ್ನೆಲ್ಲ ಹೊತ್ತು ಮರಳುವಂತಾದರೆ ತಪ್ಪು ನನ್ನದೇ. ಅದಕ್ಕೇ ನಲವತ್ತು ಜನರನ್ನು ಕೇಳಿ ದಿನಚರಿಯಲ್ಲಿ ಗೀಟು ಹಾಕಿಕೊಂಡೆ: ನಾನ್‌ಖಟಾಯಿಗೆ ಮೂವತ್ತೊಂದು, ಶೇಂಗಾ ಉಂಡಿಗೆ ಒಂಬತ್ತು. ಮಾರಾಟದ ಹಿಂದಿನ ದಿನ ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಬೇಕರಿಯ ಭಟ್ಟಿಯಲ್ಲಿ ಇನ್ನೂರು ನಾನ್‌ಖಟಾಯಿ ಮಾಡಿಸಿ ತಂದೆ.

ಡಬ್ಬಿ ನೋಡಿದ ಅಜ್ಜಿ, "ನಾಳೆ ಆಷಾಢ ಏಕಾದಶಿ. ಊರಿಗೂರೇ ಉಪಾಸ ಇರತೈತಿ. ಹಿಟ್ಟಿಂದು ಯಾರ್ ತಿಂತಾರ ಬೇ?" ಎಂದಳು.

ದಿನಚರಿ ತೆರೆದೆ. ತಾರೀಖು ಇತ್ತು, ತಿಥಿ ಇರಲಿಲ್ಲ.

"ಅದರಾಗೇನ್ ನೋಡ್ತಿ? ಶೇಂಗಾ ಹುರಿ. ಅದು ಉಪಾಸಕ್ಕ ನಡೀತೈತಿ."

ಸಂಜೆಯೆಲ್ಲ ಶೇಂಗಾ, ಬೆಲ್ಲ ಕುಟ್ಟಿ ಉಂಡಿ ಕಟ್ಟಿದೆವು. ಮರುದಿನ ಮಧ್ಯಾಹ್ನದೊಳಗೆ ಉಂಡಿಯೆಲ್ಲ ಖಾಲಿ. ನಾನ್‌ಖಟಾಯಿ ಬೇಕೆಂದಿದ್ದವರೇ ಬಂದು, "ಇದು ನಡೀತೈತಲ್ಲ?" ಎಂದು ಕೇಳಿ ಉಂಡಿ ಒಯ್ದರು. ಏನು ಇಷ್ಟವೆಂದು ಅವರನ್ನೆಲ್ಲ ಕೇಳಿದ್ದೆ. ಆ ದಿನ ಏನು ತಿನ್ನುತ್ತೀರೆಂದು ಕೇಳಿರಲಿಲ್ಲ.

ನಾನ್‌ಖಟಾಯಿಯನ್ನು ದ್ವಾದಶಿಯ ದಿನ ಓಣಿಯವರಿಗೆಲ್ಲ ಚಹಾದ ಜೊತೆ ಹಂಚಿದೆವು. ಅಜ್ಜಿ ನಾಲ್ಕು ತಿಂದಳು. ಅದನ್ನೂ ಬರೆದಿಟ್ಟಿದ್ದೇನೆ, ತಿಥಿಯ ಸಮೇತ.