ಓಲೆಟಾಳ ಕಂಠ ಕದ್ದವರು

ಓಲೆಟಾ ಪ್ರೂಯಿಟ್ ಬಾಯಿಗೆ ಸಿಕ್ಕವರ ಗತಿ ನಾಯಿಪಾಡು. ಮಿಸಿಸಿಪ್ಪಿಯ ಆ ಪುಟ್ಟ ಕಾಲೇಜಿಗೆ ಬೇಸ್‌ಬಾಲ್ ಆಡಲು ಬರುತ್ತಿದ್ದ ಪರವೂರ ಹುಡುಗರಿಗೆಲ್ಲ ಇದು ಗೊತ್ತಿತ್ತು. ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ಈ ಹೆಂಗಸು ಪಂದ್ಯದ ದಿನ ಬಲಗಡೆ ಬೇಲಿಯ ಹಿಂದಿನ ಹುಲ್ಲುದಿಬ್ಬದ ಮೇಲೆ ಒಲೆ ಹೂಡಿ, ಸಾಸೇಜ್ ಸುಡುತ್ತಾ, ಎದುರು ನಿಂತ ಆಟಗಾರನ ಜನ್ಮ ಜಾಲಾಡುತ್ತಿದ್ದಳು.

ಬೈಗುಳಕ್ಕೂ ದಿಬ್ಬದಲ್ಲಿ ಕಟ್ಟುಪಾಡಿತ್ತು. ಹುಡುಗನ ತಾಯಿಯ ಸುದ್ದಿಗೆ ಹೋಗಕೂಡದು. ಆಟ ಮುಗಿದ ಮೇಲೆ ಬೈಸಿಕೊಂಡವನಿಗೇ ಮೊದಲ ತಟ್ಟೆ. ಯಾರಾದರೂ ಪೆಟ್ಟಾಗಿ ಬಿದ್ದರೆ ಟೋಪಿ ತೆಗೆದು ಬಾಯಿ ಮುಚ್ಚಿ ನಿಲ್ಲಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದಿರಲೂ ಇಲ್ಲ.

ಪ್ರೇಕ್ಷಕರಿಗೆ ಇನ್ನಷ್ಟು ಮಜಾ ಕೊಡಬೇಕೆಂದು ಕಾಲೇಜಿನವರು ಗ್ರೇಡನ್ ಎಂಬವನನ್ನು ತಂದು ಮೈದಾನದ ಸ್ಪೀಕರ್ ಕೋಣೆಯಲ್ಲಿ ಕೂರಿಸಿದರು. ಮಜಾ ಸಾಲದೆಂದು ಯಾರು ಅತ್ತಿದ್ದರೋ ದೇವರೇ ಬಲ್ಲ. ಎರಡು ಎಸೆತಗಳ ನಡುವೆ ಕಿವಿ ತೂತಾಗುವ ಹಾಗೆ ಡಬಡಬ ಸಂಗೀತ ಶುರುವಾಯಿತು. ಬೇಸ್‌ಬಾಲಿನ ಸುಖವಿರುವುದೇ ಆ ನಡುವಿನ ಹೊತ್ತಿನಲ್ಲಿ. ಬೈಯುವುದು ಆಗ, ತಿನ್ನುವುದು ಆಗ, ಪಕ್ಕದವರ ಮಗಳ ಮದುವೆ ವಿಚಾರಿಸುವುದು ಆಗ.

ಒಂದು ಸಂಜೆ ಅವನೇ ದಿಬ್ಬ ಹತ್ತಿ ಬಂದ.

"ಮಿಸ್ ಓಲೆಟಾ, ನಿಮ್ಮ ದನಿ ಅಂದ್ರೆ ಈ ಮೈದಾನದ ಪ್ರಾಣ. ಒಂದ್ಸಲ ರೆಕಾರ್ಡ್ ಮಾಡ್ಕೊಳ್ಳಲಾ?"

"ಮಾಡ್ಕೊ ಮಗಾ. ಸ್ಪೀಕರ್ ಒಡೆದ್ರೆ ನನ್ನ ಕೇಳ್ಬೇಡ," ಎಂದಳು. ಹೊಗಳಿಕೆಗೆ ಯಾರು ತಾನೆ ಉಬ್ಬುವುದಿಲ್ಲ? ನಿಧಾನವಾಗಿ ಓಡುವ ಆಟಗಾರರಿಗೆಂದೇ ಇಟ್ಟಿದ್ದ ಮಾತನ್ನು ಹೊಟ್ಟೆಯಿಂದ ಕೂಗಿ ಕೊಟ್ಟಳು: "ಎದ್ದೇಳೋ ಮಗಾ, ಮಲಗೋಕೆ ಮನೇಲಿ ಮಂಚ ಇಲ್ವಾ?"

ಎದುರಾಳಿ ಕೈಗೆ ಬಂದ ಚೆಂಡನ್ನು ಜಾರಿಬಿಟ್ಟಾಗಲೆಲ್ಲ ಈ ಕೂಗಿನ ಗುಂಡಿ ಒತ್ತಬೇಕೆಂದು ಗ್ರೇಡನ್ ತನ್ನ ಕಡೆಯವರಿಗೆ ಹೇಳಿಟ್ಟ.

ಆ ಶುಕ್ರವಾರ ಕಾಲ್ಡರ್ ಎಂಬ ಪರವೂರ ಹುಡುಗ ಮೇಲೆ ಹಾರಿದ ಚೆಂಡನ್ನೇ ನೋಡುತ್ತಾ ಹಿಂದೆ ಓಡಿ ಬಂದು, ದಿಬ್ಬದ ಕೆಳಗಿನ ಬೇಲಿಗೆ ತಲೆ ಹೊಡೆದುಕೊಂಡ. ಚೆಂಡು ಕೈಯಿಂದ ಜಾರಿತು. ಹುಡುಗ ಬಿದ್ದವನು ಮಿಸುಕಲಿಲ್ಲ. ದಿಬ್ಬದ ಮೇಲೆ ಟೋಪಿಗಳು ಇಳಿದವು. ಓಲೆಟಾ ಇಕ್ಕಳ ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು.

ಆಗ ಮೈದಾನದ ನಾಲ್ಕೂ ಮೂಲೆಯಿಂದ ಅವಳದೇ ದನಿ ಗುಡುಗಿತು. "ಎದ್ದೇಳೋ ಮಗಾ, ಮಲಗೋಕೆ ಮನೇಲಿ ಮಂಚ ಇಲ್ವಾ?"

ಕಾಲೇಜಿನವರು ಹೊಸದಾಗಿ ಹಾಕಿಸಿದ ದುಬಾರಿ ಸೀಟುಗಳಲ್ಲಿ ಕೂತಿದ್ದವರು ನಕ್ಕರು.

ಓಲೆಟಾ ಬಿದ್ದಂಬೀಳ ಗೇಟಿನತ್ತ ಓಡಿದಳು. ಆಂಬುಲೆನ್ಸಿನ ಪಕ್ಕದಲ್ಲಿ ಹುಡುಗನ ತಾಯಿ ನಿಂತಿದ್ದಳು. ಹುಡುಗ ಹೇಗಿದ್ದಾನೆಂದು ಓಲೆಟಾ ಕೇಳಿದ್ದೇ ತಡ, ಆಕೆ ದನಿಯ ಗುರುತು ಹಿಡಿದಳು.

"ಆ ದನಿ ನಿಮ್ದೇ ಅಲ್ವಾ?"

ಯಂತ್ರದ್ದು ಎನ್ನಬಹುದಿತ್ತು. "ನಂದೇ," ಎಂದಳು ಓಲೆಟಾ.

"ಕಣ್ಣು ಬಿಟ್ಟವನೇ ಮೊದಲು ಕೇಳಿದ್ದು, ಅಮ್ಮಾ, ಯಾರದು ನನ್ನ ಬೈತಿರೋದು ಅಂತ." ಅಷ್ಟು ಹೇಳಿ ಆಕೆ ಒಳಗೆ ಹತ್ತಿ ಬಾಗಿಲೆಳೆದುಕೊಂಡಳು.

ಓಲೆಟಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮೆಟ್ಟಿಲು ಹತ್ತಿ ಗ್ರೇಡನ್ನನ ಕೋಣೆಗೆ ನುಗ್ಗಿದಳು.

"ಅಳಿಸು ಅದನ್ನ."

"ಗುಂಡಿ ಒತ್ತಿದ್ದು ಆತುರ ಆಯ್ತು ಮಿಸ್ ಓಲೆಟಾ, ಒಪ್ಕೋತೀನಿ. ಆದ್ರೆ ಜನಕ್ಕೆ ಎಷ್ಟು ಇಷ್ಟ ಆಗಿದೆ ಗೊತ್ತಾ? ನೀವೇ ತಾನೆ ಕೊಟ್ಟಿದ್ದು."

"ಬೈಯೋಕೆ ಕೊಟ್ಟೆ ಕಣೋ, ಬಿದ್ದವನನ್ನ ತುಳಿಯೋಕಲ್ಲ. ಬಾಯಿ ಯಾವಾಗ ಮುಚ್ಬೇಕು ಅನ್ನೋದೂ ನನ್ನ ದನೀಲೇ ಇತ್ತು. ಅದನ್ನ ರೆಕಾರ್ಡ್ ಮಾಡ್ಕೊಂಡ್ಯಾ?"

ಅವನು ನಕ್ಕು ನೀರಿನ ಬಾಟಲಿ ಮುಂದೆ ಚಾಚಿದ. ಅವಳು ಮುಟ್ಟಲಿಲ್ಲ.

ಮರುದಿನದ ಪಂದ್ಯಕ್ಕೆ ಓಲೆಟಾ ದಿಬ್ಬಕ್ಕೆ ಹೋಗಲಿಲ್ಲ. ತನ್ನ ಕಾಲೇಜಿನ ಕೆಂಪಂಗಿಯಲ್ಲೇ ಹೋಗಿ ಪರವೂರಿನವರ ಬೆಂಚಿನ ನಟ್ಟನಡುವೆ ಕೂತಳು. ಆ ಊರಲ್ಲಿ ಚರ್ಚು ಬಿಟ್ಟವರನ್ನಾದರೂ ಕ್ಷಮಿಸುತ್ತಾರೆ, ಇದನ್ನು ಕ್ಷಮಿಸುವುದಿಲ್ಲ. ದಿಬ್ಬದ ಹಳೆಯ ಸ್ನೇಹಿತರು ಮುಖ ತಿರುಗಿಸಿದರು. ಪರವೂರಿನವರೂ ಸರಿದು ಜಾಗ ಬಿಟ್ಟರೇ ಹೊರತು ಮಾತಾಡಿಸಲಿಲ್ಲ.

ಕಾಲ್ಡರ್‌ನ ಜಾಗದಲ್ಲಿ ನಿಂತ ಹುಡುಗ ಚೆಂಡು ಬಿಟ್ಟ. ಸ್ಪೀಕರ್ ಕೂಗಿತು. ಓಲೆಟಾ ಬೆಂಚಿನ ಮೇಲೆ ಹತ್ತಿ ನಿಂತು, ಮೂವತ್ತು ವರ್ಷ ಪಳಗಿದ ಗಂಟಲನ್ನು ಪೂರ್ತಿ ಬಿಚ್ಚಿದಳು.

"ಅದು ನಾನಲ್ಲ ಕಣ್ರೋ. ನಾನಿಲ್ಲಿದೀನಿ."

ಸ್ಪೀಕರ್ ಮತ್ತೆ ಕೂಗಿತು. ಅವಳೂ ಕೂಗಿದಳು. ಒಂಬತ್ತು ಸುತ್ತಿನ ಆಟ ಮುಗಿಯುವವರೆಗೂ ಅವಳು ಕೂರಲಿಲ್ಲ.