ಫೋಟೋ ನುಂಗಿದ ಫೈಲು

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲಿದ್ದದ್ದು ಒಂದೇ ಕಂಪ್ಯೂಟರ್. ಸುರಪುರ, ಶಹಾಪುರ ಕಡೆಯ ರೈತರ ಹೆಸರು, ಸರ್ವೆ ನಂಬರು, ಬೆಳೆ, ನೀರಿನ ಪಾಳಿ ಎಲ್ಲವನ್ನೂ ಅದರೊಳಗೆ ತುಂಬುವುದು ನನ್ನ ಕೆಲಸ. ಎರಡು ವರ್ಷ ಒಬ್ಬನೇ ಟೈಪು ಮಾಡಿದೆ. ಒಂದು ದಿನವೂ ಅದು ತಕರಾರು ಮಾಡಲಿಲ್ಲ.

ತಕರಾರು ತಂದವರು ಹೊಸ ಸಾಹೇಬರು. ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದವರು, ಕಂಪ್ಯೂಟರನ್ನು ತಾವೇ ಹೆತ್ತವರಂತೆ ಮಾತಾಡುತ್ತಿದ್ದರು. ಪ್ರತಿ ರೈತನ ಫೋಟೋವನ್ನೂ ಅದೇ ಫೈಲಿನೊಳಗೆ ಸೇರಿಸಬೇಕೆಂದು ಅಪ್ಪಣೆಯಾಯಿತು.

"ಸಾಹೇಬ್ರ, ಫೋಟೋ ಬ್ಯಾರೆ ಕಡಿ ಇಡೋಣ್ರಿ. ಈ ಫೈಲು ಎರಡು ಜಿಬಿ ಆತಂದ್ರ ಮುಂದ ಏನೂ ತಗೊಳ್ಳಂಗಿಲ್ಲ" ಎಂದೆ.

"ಲಕ್ಷಗಟ್ಲೆ ಹೆಸರು ಹಿಡಿತಾವ ಇದರಾಗ. ಗುಮಾಸ್ತ ಇದ್ದೀರಿ, ಗುಮಾಸ್ತನಂಗ ಇರ್ರಿ" ಎಂದರು.

ಇದ್ದೆ. ಬಿತ್ತನೆ ಬಿಡಿಸಿ ರೈತರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆವು. ಕಾಲುವೆಯ ಕೊನೆಯ ಊರಿನ ಹೆಂಗಸೊಬ್ಬಳು ಕ್ಯಾಮೆರಾ ನೋಡಿ, "ಯಪ್ಪಾ, ನನ್ ಮಾರಿ ನೋಡಿ ನೀರು ಬಿಡ್ತೀರೇನ್ರಿ?" ಎಂದಳು. ಸಾಲೆಲ್ಲ ನಕ್ಕಿತು. ಸಾಹೇಬರು ಮಾತ್ರ, ತಲೆ ನೆಟ್ಟಗಿಡಬೇಕೆಂದು ಗದರಿದರು.

ಅರ್ಧದಷ್ಟು ಫೋಟೋ ಸೇರುವ ಮೊದಲೇ ಎರಡು ಜಿಬಿ ತುಂಬಿ ಫೈಲು ನಿಂತಿತು. ಸಾಹೇಬರು ಮೊದಲು ಕರೆಂಟನ್ನು ಬೈದರು. ಆಮೇಲೆ ಸೆಕೆಯೇ ಕಾರಣವೆಂದು ಕಂಪ್ಯೂಟರಿಗೆ ಎಸಿ ಹಾಕಿಸಿದರು. ಹೊರಗೆ ಕಾಯುವ ರೈತರಿಗೆ ಫ್ಯಾನೂ ಇರಲಿಲ್ಲ. ಎಸಿಯಿಂದಲೂ ಆಗದಿದ್ದಾಗ, ಫೈಲು ಕೆಡಿಸಿದ್ದು ನಾನೇ ಎಂದು ನನಗೆ ನೋಟಿಸು ಕೊಟ್ಟರು.

ಆ ವಾರವೇ ಅದೇ ಹೆಂಗಸು ತನ್ನ ಪಾಳಿ ಕೇಳಲು ಬಂದಳು. ಫೈಲು ತೆರೆಯಲಿಲ್ಲ. "ನಾಳೆ ಬಾ" ಎಂದು ಸಾಹೇಬರು ಕಳಿಸಿದರು. ಮರುದಿನವೂ ಬಂದಳು, ಅದೇ ಮಾತು ಕೇಳಿ ಹೋದಳು.

ಭಾನುವಾರ ಕಚೇರಿಗೆ ಹೋಗಿ, ಫೋಟೋ ಸೇರಿಸುವ ಮೊದಲು ನಾನು ಉಳಿಸಿಟ್ಟಿದ್ದ ಹಳೇ ಪ್ರತಿ ತೆಗೆದು, ಫೋಟೋಗಳನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿದೆ. ಫೈಲಿನೊಳಗೆ ಫೋಟೋದ ಹೆಸರು ಮಾತ್ರ ಬರೆದೆ. ಎರಡೂ ತಾಲೂಕಿನ ರೈತರೆಲ್ಲ ಅದರೊಳಗೆ ಆರಾಮಾಗಿ ಕೂತರು, ಇನ್ನೂ ಎಷ್ಟೋ ಜಾಗ ಉಳಿಯಿತು. ಸೋಮವಾರ ಆಕೆಗೆ ಪಾಳಿ ಬರೆದುಕೊಟ್ಟೆ. ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ನೋಟಿಸನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ತರಬೇತಿಯಲ್ಲಿ ಸಾಹೇಬರು ವೇದಿಕೆ ಹತ್ತಿ, ಫೋಟೋ ಬೇರೆ ಇಡುವ ಉಪಾಯ ತಮಗೆ ಹೇಗೆ ಹೊಳೆಯಿತೆಂದು ಅರ್ಧ ಗಂಟೆ ವಿವರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತು ನಾನೂ ತಟ್ಟಿದೆ. ಸಾಹೇಬರ ಮೇಲಿರುವುದಕ್ಕಿಂತ ಹೆಚ್ಚು ಹೇಸಿಗೆ ನನಗೆ ಈಗ ಚಪ್ಪಾಳೆ ತಟ್ಟಿದ ಈ ನನ್ನ ಕೈಗಳ ಮೇಲೆ.